ಪ್ಲಾಸ್ಟಿಕ್ ಮಲ್ಲಿಗೆಗೆ ಸೀನಿದವರು

ಪ್ಲಾಸ್ಟಿಕ್ ಮಲ್ಲಿಗೆಯ ವಾಸನೆಗೆ ಸೀನಿದ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದೆ!

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ನನ್ನ ಗಂಡನಿಗೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸ, ನನಗೆ ಕೊಯಮತ್ತೂರಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ. ಯಾರ ಊರಿನಲ್ಲಿ ಮನೆ ಮಾಡುವುದು ಅನ್ನುವ ಜಗಳ ಬಗೆಹರಿಯದೆ, ಕೊನೆಗೆ ಇಬ್ಬರಿಗೂ ಸಮಾನವಾಗಿ ತೊಂದರೆಯಾಗುವಂತೆ ನಡುವಿನ ಅವಿನಾಶಿಯನ್ನು ಆರಿಸಿಕೊಂಡೆವು. ತುಮಕೂರು ಬಿಟ್ಟು ಎಲ್ಲೂ ಇದ್ದವರಲ್ಲ ನಾವು. ಕೈಬಾಯಿ ಸನ್ನೆಯಲ್ಲಿ ತಮಿಳು ಮಾತಾಡುತ್ತ ಮನೆ ಹುಡುಕುತ್ತಿದ್ದಾಗ, ಮಹಡಿ ತೋರಿಸಲು ಬಂದ ಮಾಲೀಕರು ಇದ್ದಕ್ಕಿದ್ದಂತೆ ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಒಳ್ಳೆ ಪಿಳ್ಳೆಗಳ ಮಾದಿರಿ ಕಾಣ್ತಾರೆ, ಕೊಟ್ಬುಡಾಣ" ಅಂದರು.

ಕನ್ನಡ! ನಾನು ಹೆಚ್ಚುಕಡಿಮೆ ಅವರ ಕಾಲಿಗೇ ಬಿದ್ದೆ. ತಲೆತಲಾಂತರದಿಂದ ಅಲ್ಲೇ ನೆಲೆಸಿ ನೇಯ್ಗೆ ಮಾಡಿಕೊಂಡಿರುವ ಕನ್ನಡದ ಮನೆತನ ಅದು. ಓದುವುದು ಬರೆಯುವುದೆಲ್ಲ ತಮಿಳು. ಮನೆಯೊಳಗೆ ಮಾತ್ರ ತಮಿಳಿನ ರಾಗದಲ್ಲಿ ಕನ್ನಡ. ಅಂದಿನಿಂದ ಅವರು ನನಗೆ ಮಾಮ, ಅವರ ಹೆಂಡತಿ ಅತ್ತೆ. ಆ ಸೀಮೆಯ ಪ್ರೀತಿಯ ರೂಢಿಯಂತೆ ನಾನು ಅವರಿಬ್ಬರಿಗೂ 'ಕಣ್ಣು'.

ಆದರೆ ಮನೆ ಕೊಡುವ ಮೊದಲು ಮಾಮ ನನ್ನನ್ನೊಂದು ಸಂದರ್ಶನ ಮಾಡಿದರು. ಬಾಡಿಗೆಯ ಮಾತೇ ಬರಲಿಲ್ಲ. "ಬೆಕ್ಕು ಐತಾ? ಊದುಬತ್ತಿ ಹಚ್ಚುವಿಯಾ? ತಲೆಗೆ ಎಂಥ ಎಣ್ಣೆ? ಮೆಣಸಿನಕಾಯಿ ಹುರಿಯಾಗ ಜನ್ನಲ್ ತೆಗೀತೀಯಾ, ಮುಚ್ಚುತೀಯಾ?"

"ಯಾಕೆ ಮಾಮ?"

ಅವರು ಮೂಗನ್ನು ಎರಡು ಬೆರಳಲ್ಲಿ ಹಿಡಿದು, ಮನೆತನದ ಬಿರುದು ಹೇಳುವವರ ಗತ್ತಿನಲ್ಲಿ, "ನಂಗೆ ಅಲರ್ಜಿ" ಅಂದರು.

ಅಲರ್ಜಿ ಅಂದರೆ ಅಂಥಿಂಥ ಅಲರ್ಜಿಯೇ? ಬೆಳಿಗ್ಗೆ ಅವರು ಸೀನಲು ಶುರುಮಾಡಿದರೆ ಪಕ್ಕದ ಕೊಟ್ಟಿಗೆಯ ಪವರ್‌ಲೂಮುಗಳ ಟಕಟಕ ಸದ್ದು ಕೂಡ ತಾಳ ತಪ್ಪುತ್ತಿತ್ತು. ಆ ಮಗ್ಗಗಳು ಅವರವೇ. ಹತ್ತಿಯ ಧೂಳಿನ ಮೇಲೆ ಗುಮಾನಿ ಬಂದು, ಒದ್ದೆ ಟವಲನ್ನು ಕಣ್ಣು ಬಿಟ್ಟು ಮುಖಕ್ಕೆಲ್ಲ ಸುತ್ತಿಕೊಂಡು ಒಮ್ಮೆ ಕೊಟ್ಟಿಗೆಗೆ ನುಗ್ಗಿದರಂತೆ. ಹೊಸದಾಗಿ ಸೇರಿದ್ದ ಕೆಲಸದವನು ಕಳ್ಳ ಬಂದನೆಂದು ಪೊರಕೆ ತಗೊಂಡು ಓಡಿಸಿಕೊಂಡು ಬಂದನಂತೆ! ಹತ್ತಿಯ ನಂತರ ಗುಮಾನಿ ನುಗ್ಗೆಮರಕ್ಕೆ ಹೋಯಿತು, ಮರ ಕಡಿಸಿದರು. ಸೀನು ನಿಲ್ಲಲಿಲ್ಲ. ಎದುರುಮನೆಯ ಪಾರಿವಾಳಗಳ ಮೇಲೆ ಬಂತು. ಪಾರಿವಾಳದವರು ಮನೆ ಬಿಟ್ಟು ಹೋದರು. ಸೀನು ನಿಲ್ಲಲಿಲ್ಲ. ಮಾಮನಿಗೆ ಮಾತ್ರ ಬೇಸರವಾಗಲಿಲ್ಲ. ಲೋಕದಲ್ಲಿ ಇನ್ನೂ ಎಷ್ಟೊಂದು ವಸ್ತುಗಳಿವೆ!

ಅತ್ತೆಯ ಮಲ್ಲಿಗೆ ಹೂವಿಗೆ ನಿಷೇಧ ಬಿದ್ದದ್ದು ನಾವು ಹೋದ ಬೇಸಿಗೆಯಲ್ಲೇ. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಅಂಗಡಿಯಿಂದ ಒಂದು ಮಾರು ಪ್ಲಾಸ್ಟಿಕ್ ಮಲ್ಲಿಗೆ ತಂದು ಮುಡಿದುಕೊಂಡು ಗಂಡನ ಮುಂದೆ ಕಾಫಿ ಇಟ್ಟರು. ಮಾಮ ತಲೆ ಎತ್ತಿದರು. ಹೂವು ಕಂಡಿತು. ಮೂಗು ಅರಳಿತು. ಆಮೇಲೆ ನೋಡಿ! ಸೀನಿದರು, ಸೀನಿದರು, ಕಾಫಿ ಚೆಲ್ಲುವವರೆಗೆ ಸೀನಿದರು.

"ಪಾತ್ತಿಯಾ, ನೋಡ್ದಿಯಾ! ಹೂವು ಬೇಡ ಅಂತ ಹೇಳಿದ್ನೋ ಇಲ್ವೋ?"

"ಇದು ಪ್ಲಾಸ್ಟಿಕ್ಕುಂಗೋ" ಅಂದರು ಅತ್ತೆ ತಣ್ಣಗೆ.

ಮಾಮ ಹೂವನ್ನು ಹಿಡಿದು, ಜಗ್ಗಿ, ಹಿಂದೆ ಮುಂದೆ ನೋಡಿ, ಕೊಂಚವೂ ಅಳುಕದೆ ತೀರ್ಪು ಕೊಟ್ಟರು: "ಅಪ್ಪೊ ನಂಗೆ ಪ್ಲಾಸ್ಟಿಕ್ಕಿಗೂ ಅಲರ್ಜಿ."

ನಾನು ಮಹಡಿಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ನಗುವುದು ನಿಂತದ್ದು ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಪಕ್ಕದ ಬೀದಿಗೆ ಹೋಗಿದ್ದರು. ನಾನು ಒಣಗಿದ ಬಟ್ಟೆ ತರಲು ಮೆಟ್ಟಿಲಿಳಿಯುತ್ತಿದ್ದಾಗ ಗ್ಯಾಸಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಅಡುಗೆಮನೆಗೆ ಓಡಿದೆ. ಹಾಲುಕ್ಕಿ ಒಲೆ ನಂದಿಹೋಗಿದೆ, ತಿರುಪು ಹಾಗೇ ತೆರೆದಿದೆ, ಅದರ ಮುಂದೆ ಮಾಮ! ಆವಿ ತೆಗೆದುಕೊಳ್ಳಲು ಇನ್ನೊಂದು ಒಲೆಯ ಮೇಲೆ ನೀರಿಟ್ಟು, ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಕಡ್ಡಿ ಹಿಡಿದು ನಿಂತಿದ್ದಾರೆ.

"ಮಾಮ, ಬೇಡ!" ಎಂದು ಕಿರುಚಿ ಬೆಂಕಿಪೊಟ್ಟಣ ಕಿತ್ತುಕೊಂಡೆ. ತಿರುಪು ಮುಚ್ಚಿ, ಕಿಟಕಿ ಬಾಗಿಲೆಲ್ಲ ತೆರೆದು, ಅವರನ್ನು ಕೈಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ.

"ಏನಾಯ್ತು ಕಣ್ಣು?"

"ಗ್ಯಾಸ್ ವಾಸನೆ ಬರಲಿಲ್ವಾ ನಿಮಗೆ?"

ಅವರು ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ, "ಬಂತು ಬಂತು. ನಾನೇ ಆಫ್ ಮಾಡಾಣ ಅಂತ ಇದ್ದೆ" ಅಂದರು.

ಕಡ್ಡಿ ಗೀರಿ ಗ್ಯಾಸ್ ಆಫ್ ಮಾಡುವ ವಿದ್ಯೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ! ಛೇಡಿಸಬೇಕೆಂದು ಬಾಯಿ ತೆರೆದವಳು ಅವರ ಕೈಯಲ್ಲಿ ಕಡ್ಡಿ ಇನ್ನೂ ಹಾಗೇ ಇರುವುದನ್ನು ನೋಡಿ ಮುಚ್ಚಿಕೊಂಡೆ. ಆಗ ಹೊಳೆಯಿತು. ಈ ಮನುಷ್ಯರಿಗೆ ಮಲ್ಲಿಗೆಯಲ್ಲ, ಯಾವ ವಾಸನೆಯೂ ಬರುವುದಿಲ್ಲ.

ಆ ವಾರವೇ ಅತ್ತೆಯೂ ನಾನೂ ಸೇರಿ ಅವರನ್ನು ನಮ್ಮ ಆಸ್ಪತ್ರೆಗೆ ಹೊರಡಿಸಿದೆವು. ಕಿವಿ ಮೂಗು ಗಂಟಲಿನ ವಿಭಾಗದ ಮುಖ್ಯಸ್ಥೆ ನಮ್ಮ ಮೇಡಂ. ದೀಪವಿರುವ ಸಣ್ಣ ಕೊಳವೆಯೊಂದನ್ನು ಮೂಗಿನೊಳಗೆ ಇಳಿಸಿ ನೋಡಿ, "ಎರಡೂ ಕಡೆ ಪಾಲಿಪ್ ಅನ್ನುವ ಮಾಂಸದ ಗಡ್ಡೆ ತುಂಬಿಕೊಂಡಿದೆ. ಸಿಪ್ಪೆ ಸುಲಿದ ದ್ರಾಕ್ಷಿ ಗೊಂಚಲಿನ ಹಾಗಿದೆ. ವಾಸನೆ ಹೋಗಿ ಎಷ್ಟು ವರ್ಷವಾಯಿತು?" ಎಂದು ತಮಿಳಿನಲ್ಲಿ ಕೇಳಿದರು.

ಮಾಮ ಅತ್ತೆಯ ಮುಖ ನೋಡಿದರು. "ಇಪ್ಪೊ ಕೊಂಜ ದಿವಸವಾ" ಅಂದರು.

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಇದು ಕೊಂಚ ದಿವಸದ ಬೆಳೆ ಅಲ್ಲ" ಅಂದರು.

ಮರಳಿ ಬರುವ ಬಸ್ಸಿನಲ್ಲಿ ಮಾಮನಿಗೆ ಒಂದೇ ಧ್ಯಾನ. ಗಾಂಧಿಪುರಂ ದಾಟಿತು, ಪೀಳಮೇಡು ದಾಟಿತು. ಕೊನೆಗೆ ನನ್ನ ಕಡೆ ಬಾಗಿ ಗುಟ್ಟು ಹೇಳುವಂತೆ, "ಚಿಕ್ಕವನಿದ್ದಾಗ ದ್ರಾಕ್ಷಿ ತೋಟದ ಪಕ್ಕದಾಗ ಇದ್ದೆವು ಕಣ್ಣು. ಬೀಜ ಉಗುಳ್ದೆ ನುಂಗಿಬುಡ್ತಿದ್ದೆ. ಅದೇ ಮೊಳೆತಿರಬೋದಾ?" ಅಂದರು!

ಶಸ್ತ್ರಚಿಕಿತ್ಸೆಗೆ ಮೊದಲು ಅಲರ್ಜಿಯ ಪರೀಕ್ಷೆ ಆಗಬೇಕಿತ್ತು. ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಬೇಸರಪಡಬೇಡಿ. ಪಾಲಿಪ್ ಬೆಳೆಯುವುದು ಅಲರ್ಜಿ ಇರುವವರ ಮೂಗಿನಲ್ಲಿ ಮಾತ್ರವಲ್ಲ, ಯಾವ ಅಲರ್ಜಿಯೂ ಇಲ್ಲದವರ ಮೂಗಿನಲ್ಲೂ ಬೆಳೆಯುತ್ತದೆ. ಈ ಎರಡೂ ಬಗೆಯ ಮೂಗುಗಳಿಂದ ತೆಗೆದ ಮಾಂಸದಲ್ಲಿ ಮೈಕಾಯುವ ಬಿಳಿ ರಕ್ತಕಣಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಹೋಲಿಸಿ ನೋಡುವುದು ನಮ್ಮ ಮೇಡಂ ಅವರ ಸಂಶೋಧನೆ. ತೆಳ್ಳಗೆ ಹೆಚ್ಚುವುದು, ಬಣ್ಣ ಹಾಕುವುದು, ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟು ಎಣಿಸುವುದು ನನ್ನ ಪಾಲು. ನನ್ನ ಅಮ್ಮ ಊರಿನಲ್ಲಿ "ಮಗಳು ಏನು ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ "ಆಸ್ಪತ್ರೆಯಲ್ಲಿ ಲೆಕ್ಕ ನೋಡ್ತಾಳೆ" ಎಂದು ಮರ್ಯಾದೆಯಾಗಿ ಹೇಳಿ ಮುಗಿಸುತ್ತಿದ್ದಳು.

ಮಾಮ ಪರೀಕ್ಷೆಗೆ ಹೊಸ ವೇಷ್ಟಿ ಉಟ್ಟು ಬಂದರು. ಹೋಲಿಕೆಗೆ ಮೂಗು ನೆಟ್ಟಗಿರುವವರೂ ಬೇಕಾಗಿದ್ದರು. ಜೊತೆಗೆ ಬಂದಿದ್ದ ಅತ್ತೆ "ನನ್ನದೂ ನೋಡಿ" ಎಂದು ಕೈ ಚಾಚಿದರು. ಇಬ್ಬರ ಮುಂಗೈ ಮೇಲೂ ಸಾಲಾಗಿ ಹನಿ ಹಾಕಿ ಮೆಲ್ಲಗೆ ಚುಚ್ಚಿದೆವು. ಧೂಳಿನ ಹುಳು, ಜಿರಳೆ, ಬೆಕ್ಕಿನ ಕೂದಲು, ಪರಾಗ, ಬೂಷ್ಟು. ಆಗದ ವಸ್ತುವಿನ ಜಾಗದಲ್ಲಿ ಸೊಳ್ಳೆ ಕಚ್ಚಿದಂತೆ ದದ್ದು ಏಳಬೇಕು. ಇಪ್ಪತ್ತು ನಿಮಿಷ ಕಾಯಬೇಕು. ಮಾಮ ಕೈಯನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು, ಕಾಲೇಜಿನ ರಿಸಲ್ಟಿಗೆ ಕಾದವರ ಹಾಗೆ ಕಾದರು.

ಏನೂ ಏಳಲಿಲ್ಲ! ಪರೀಕ್ಷೆ ಸರಿಯಾಗಿದೆಯೋ ಎಂದು ತಿಳಿಯಲು ಎಲ್ಲರಿಗೂ ಹಾಕುವ ಹಿಸ್ಟಮಿನ್ ಹನಿಯೊಂದು ಮಾತ್ರ ಕೆಂಪಗೆ ಊದಿಕೊಂಡಿತು. ಉಳಿದ ಕೈ ಇಸ್ತ್ರಿ ಮಾಡಿದಂತಿತ್ತು.

ಅತ್ತೆಯ ಕೈ? ಧೂಳಿನ ಹುಳುವಿಗೆ ದದ್ದು, ಜಿರಳೆಗೆ ದದ್ದು, ಬೆಕ್ಕಿಗೆ ದದ್ದು! ಜೀವಮಾನದಲ್ಲಿ ನೆಟ್ಟಗೆ ಒಂದು ಸಲ ಸೀನದ ಹೆಂಗಸು.

"ಅಯ್ಯಾವಿಗೆ ಅಲರ್ಜಿ ಇಲ್ಲೇ ಇಲ್ಲ. ಅಮ್ಮನ ಚರ್ಮ ಮಾತ್ರ ಎಲ್ಲಕ್ಕೂ ಏಳ್ತಿದೆ. ಹೀಗೂ ಇರ್ತದೆ, ಸೀನು ಬರದಿದ್ರೆ ಭಯ ಇಲ್ಲ" ಅಂದರು ಮೇಡಂ.

ಮಾಮನ ಮುಖ ನೋಡಬೇಕಿತ್ತು. "ಅಪ್ಪೊ ಇಷ್ಟು ವರುಷ ನಾನು ಸುಮ್ನೆ ಸೀನಿದ್ನಾ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಎಡಗೈ ಚಾಚಿ, "ಈ ಕೈಯಿಗೂ ಒಂದು ಸಲ ಹಾಕಿ ನೋಡಾಣಾ?" ಅಂದರು.

ಅಂದಿನಿಂದ ಆ ಮನೆಯ ರಾಜ್ಯಭಾರವೇ ಬದಲಾಯಿತು. ಬೆಳಿಗ್ಗೆ ಅತ್ತೆ ಪೊರಕೆಯನ್ನು ಗಂಡನ ಮುಂದೆ ಇಟ್ಟು, "ನಂಗೆ ಧೂಳು ಆಗಲ್ಲ. ಡಾಕ್ಟ್ರಮ್ಮನೇ ಹೇಳವ್ರೆ" ಎಂದು ಮಂಚದ ಮೇಲೆ ಕಾಲು ನೀಡಿಕೊಂಡು ಕೂತರು. ಮಾಮ ಗುಡಿಸಿದರು. ಸೀನುತ್ತ ಗುಡಿಸಿದರು! ನಾನು ಇಳಿದು ಬಂದರೆ ದೂರು: "ನೋಡು ಕಣ್ಣು, ಸೀನೋದು ನಾನು, ಅಲರ್ಜಿ ಅವಳ್ದು. ಇದು ಞಾಯಮಾ?"

ಮಲ್ಲಿಗೆ ಮಾತ್ರ ಮಾರನೆಯ ದಿನವೇ ಮನೆಗೆ ವಾಪಸಾಯಿತು. ಈ ಸಲ ನಿಜವಾದದ್ದು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಎರಡೂ ಹೊಳ್ಳೆಗೆ ಪಟ್ಟಿ ತುರುಕಿಸಿಕೊಂಡು, ಬಾಯಲ್ಲಿ ಉಸಿರಾಡುತ್ತ ಮಲಗಿದ್ದ ಮಾಮ ನನ್ನನ್ನು ಕಂಡೊಡನೆ ಎದ್ದು ಕೂತು, ಬೆರಳಲ್ಲಿ ದುಂಡು ಮಾಡಿ ತೋರಿಸಿ, ಕಣ್ಣರಳಿಸಿದರು. ತೆಗೆದದ್ದು ಎಷ್ಟು ದೊಡ್ಡದಿತ್ತು ಅಂತ ಪ್ರಶ್ನೆ! ಪಟ್ಟಿ ತೆಗೆದ ಮೇಲೆ ಮೊದಲ ಮಾತು, "ನನ್ನದನ್ನ ಯಾವ ವಕುಪ್ಪಿಗೆ ಹಾಕಿದಿ?" ವಕುಪ್ಪು ಅಂದರೆ ತರಗತಿ.

"ಅಲರ್ಜಿ ಇಲ್ಲದವರ ಗುಂಪಿಗೆ ಮಾಮ."

"ಆ ಇನ್ನೊಂದಕ್ಕೆ ಮಾತ್ತಿಬುಡು ಕಣ್ಣು. ಯಾರಿಗೂ ಗೊತ್ತಾಗಲ್ಲ."

ಬದಲಾಯಿಸಲಾಗುವುದಿಲ್ಲ ಎಂದೆ. ಹಾಗಾದರೆ ಕಣ್ಣಿನಿಂದಾದರೂ ನೋಡಬೇಕು ಎಂದು ಹಟ ಹಿಡಿದರು. ಮೇಡಂ ನಕ್ಕು ಒಪ್ಪಿದರು. ಮುಂದಿನ ತಪಾಸಣೆಗೆ ಬಂದಾಗ ಅವರ ಪಾಲಿಪ್ಪಿನ ಚೂರು ಅಂಟಿಸಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂರಿಸಿದೆ. ತಿಳಿಗುಲಾಬಿ ಬಯಲಿನ ತುಂಬ ಕಡುಗೆಂಪು ಕಾಳುಗಳನ್ನು ಮೈತುಂಬ ತುಂಬಿಕೊಂಡ ಇಯೊಸಿನೊಫಿಲ್ ಎಂಬ ಕಣಗಳು, ಅವಿನಾಶಿಯ ಬಸ್‌ಸ್ಟ್ಯಾಂಡಿನ ಹಾಗೆ ಕಿಕ್ಕಿರಿದಿದ್ದವು.

"ಯಾರು ಇವರೆಲ್ಲಾ?"

"ನಿಮ್ಮ ಮೂಗನ್ನ ಕಾಯೋಕೆ ಬಂದವರು."

"ಯಾರಿಂದ ಕಾಯೋಕೆ?"

ಅದೇ ಕಷ್ಟದ ಪ್ರಶ್ನೆ! ಅಲರ್ಜಿ ಇದ್ದವರಲ್ಲಾದರೆ ಧೂಳಿನ ಹುಳುವನ್ನೋ ಪರಾಗವನ್ನೋ ತೋರಿಸಿ, ಅದು ಕೆರಳಿಸಿತು, ಇವು ಓಡಿಬಂದವು ಅನ್ನಬಹುದು. ಇಲ್ಲದವರಲ್ಲಿ? ಅಲ್ಲಿಯೂ ಇದೇ ಗುಂಪು, ಇದೇ ಊತ. ಇವನ್ನು ಕರೆದವರು ಯಾರು, ಬಂದವು ಬೇಗ ಸಾಯದೆ ಅಲ್ಲೇ ಯಾಕೆ ಠಿಕಾಣಿ ಹೂಡುತ್ತವೆ ಎಂದು ಮೇಡಂ ಓದಿದ ಪುಸ್ತಕಗಳಲ್ಲೂ ಒಂದೊಂದು ಕಡೆ ಒಂದೊಂದು ಉತ್ತರವಿತ್ತು.

"ಗೊತ್ತಿಲ್ಲ ಮಾಮ. ಅದನ್ನೇ ಹುಡುಕ್ತಾ ಇದ್ದೀವಿ" ಎಂದೆ.

ಮಾಮ ಕಣ್ಣು ತೆಗೆಯದೆ ನೋಡುತ್ತಲೇ ಇದ್ದರು. "ಎದಿರಿ ಯಾರೂ ಇಲ್ದೆ ಇಷ್ಟೊಂದು ಸಂಡೆನಾ? ನಮ್ಮ ಪಂಗಾಳಿಗಳ ಮಾದಿರಿಯೇ ಅವೆ" ಅಂದರು. ಸಂಡೆ ಅಂದರೆ ಜಗಳ, ಪಂಗಾಳಿಗಳು ಅಂದರೆ ದಾಯಾದಿಗಳು. ನಮ್ಮ ಮೇಡಂ ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಆಮೇಲೆ ಗಂಭೀರವಾಗಿ, ಮೂಗಿಗೆ ಬಿಡುವ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಅಷ್ಟಾದರೂ ಇದು ಮತ್ತೆ ಬೆಳೆಯಬಹುದು, ವಾಸನೆ ಬಂದರೂ ಎಷ್ಟು ಕಾಲ ಉಳಿಯುತ್ತದೆಂದು ಹೇಳಲಾಗದು ಎಂದು ಬಿಡಿಸಿ ಹೇಳಿದರು. ಮಾಮ "ಸರಿಂಗ, ಸರಿಂಗ" ಎಂದು ತಲೆಯಾಡಿಸಿದರು.

ಕೆಲವು ವಾರ ಮಾಮನಿಗೆ ಯಾವ ವಾಸನೆಯೂ ಬರಲಿಲ್ಲ. ಒಂದು ದಿನ ತಪಾಸಣೆಗೆಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆಯುತ್ತಿದ್ದವರು ನಿಂತುಬಿಟ್ಟರು. ಆಯಾ ಒಬ್ಬಳು ನೆಲ ಒರೆಸುತ್ತಿದ್ದಳು.

"ಕಣ್ಣು... ಇದು ಏನು?"

"ಫಿನಾಯಿಲ್ ಮಾಮ."

"ಆಹಾ!" ಅಂದರು. ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತವರಂತೆ ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, "ಎಷ್ಟು ಚೆನ್ನಾಗೈತೆ!" ಅಂದರು. ಆಯಾ ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡಳು.

ಹೊರಗೆ ಬಂದ ಮೇಲೆ ಅವಿನಾಶಿಯ ಬಸ್ಸು ಹತ್ತಲು ಒಪ್ಪಲೇ ಇಲ್ಲ. ಉಕ್ಕಡಕ್ಕೆ ಹೋಗಬೇಕಂತೆ! ಅವಿನಾಶಿಗೆ ಹೋಗುವವರಿಗೆ ಊರಿನ ಇನ್ನೊಂದು ತುದಿಯ ಉಕ್ಕಡದಲ್ಲಿ ಏನು ಕೆಲಸ? "ಮೀನ್ ಮಾರ್ಕೆಟ್ಟು. ಅಲ್ಲಿ ವಾಸನೆ ಬಂದ್ರೆ ಮೂಗು ಸರಿಯಾಗೈತೆ ಅಂತ ಅರ್ಥ" ಅಂದರು. ಮೀನು ಮುಟ್ಟದ ಮನೆತನ! ನಾನೂ ಮುಟ್ಟಿದವಳಲ್ಲ. ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಹೋದೆ. ಸಗಟು ಮಾರುಕಟ್ಟೆಯ ನಡುವೆ, ಐಸು ಕರಗಿ ಹರಿಯುತ್ತಿರುವ ನೆಲದಲ್ಲಿ ವೇಷ್ಟಿ ಎತ್ತಿಕಟ್ಟಿಕೊಂಡು, ಮಾಮ ಸಂಗೀತ ಕಛೇರಿ ಕೇಳುವವರಂತೆ ತಲೆದೂಗುತ್ತ ನಿಂತರು.

ಮೀನಿನವಳು ಗದರಿದಳು: "ಎನ್ನ ವೇಣುಂ?" ಏನು ಬೇಕು?

"ಒಂದೂ ಬೇಡ ತಾಯೀ. ಸುಮ್ನೆ ಮೋಂದು ನೋಡ್ತಿದ್ದೀನಿ" ಎಂದು ಸಡಗರದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟರು. ಮೋಂದು ಅಂದರೆ ಮೂಸಿ. ಅವಳು ನನ್ನ ಕಡೆ ನೋಡಿ ತಲೆಯ ಪಕ್ಕ ಬೆರಳು ತಿರುಗಿಸಿ, ಸರಿಯಿಲ್ಲವೇ ಎಂದು ಸನ್ನೆಯಲ್ಲಿ ಕೇಳಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಬೇರೇನು ಹೇಳಲಿ?

ಬಸ್ಸಿನಲ್ಲಿ ಪಕ್ಕದವರ ವಿಭೂತಿ ಮೂಸಿದರು. ಟಿಕೆಟ್ ಮೂಸಿದರು. ಕಂಡಕ್ಟರ್ ತೋಳೆತ್ತಿ ಕಂಬಿ ಹಿಡಿದಾಗ ಮೊದಲ ಬಾರಿಗೆ ಮುಖ ಸಿಂಡರಿಸಿ, "ಇದೂ ಐತಾ ಲೋಕದಾಗೆ!" ಅಂದರು.

ನಾವು ಮನೆ ತಲುಪುವ ಹೊತ್ತಿಗೆ ಅವರ ಮಗ ಬಂದಿದ್ದ. ಧಾರಾಪುರದಲ್ಲಿ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸ ಮಾಡುತ್ತಿದ್ದ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ದಪ್ಪ ಮೀಸೆಯ ಹುಡುಗ. ಅಪ್ಪನಿಗೂ ಅವನಿಗೂ ಮಾತು ಕಡಿಮೆ. ಬೈಕಿನಲ್ಲಿ ಬಿಸಿಲಲ್ಲಿ ಬಂದಿದ್ದ. ಹೆಲ್ಮೆಟ್ ತೆಗೆದಿದ್ದಷ್ಟೇ, ಕೂದಲು ಬೆವರಿನಿಂದ ತಲೆಗೆ ಅಂಟಿಕೊಂಡಿತ್ತು.

"ಮೊದ್ಲು ಸ್ನಾನ ಮಾಡೋಗು" ಎಂದು ಅತ್ತೆ ಟವಲು ಕೊಡುತ್ತಿದ್ದರು.

"ಇರು" ಅಂದರು ಮಾಮ. "ಇಲ್ಲಿ ಬಾ. ತಲೆ ಬಗ್ಗಿಸು."

ಹುಡುಗ ಬೆಚ್ಚಿದ. "ನಾನು ಕುಡಿಯಲ್ಲಪ್ಪಾ!"

"ಬಗ್ಗಿಸು ಅಂದೆ."

ಅವನು ಬಗ್ಗಿಸಿದ. ಮಾಮ ಎರಡೂ ಕೈಯಲ್ಲಿ ಮಗನ ತಲೆ ಹಿಡಿದು, ನೆತ್ತಿಯ ಮೇಲೆ ಮೂಗಿಟ್ಟರು. ನಗು ತಡೆಯಲಾರದೆ ನಾನು ಅತ್ತೆಯನ್ನು ನೋಡಿದೆ. ಅತ್ತೆ ನಗುತ್ತಿರಲಿಲ್ಲ. ಮಾಮನ ಭುಜಗಳು ಅಲುಗುತ್ತಿದ್ದವು. ಸೀನು ಬರುತ್ತಿದೆ ಅಂದುಕೊಂಡೆ. ಸೀನಲ್ಲ.

"ಇವನು ಹುಟ್ಟಿದಾಗ ನನ್ನ ಕೈಗೆ ಕೊಟ್ಟು ತಲೆ ಮೋಂದು ನೋಡಿ, ಹಾಲಿನ ವಾಸನೆ ಅಂದಿ" ಎಂದರು ಅತ್ತೆಗೆ, ಮುಖ ಎತ್ತದೆ. "ಆಮಾ, ಹೌದು ಹೌದು ಅಂದೆ. ಏನೂ ಬರಲಿಲ್ಲ. ಆವಾಗಲೇ ಮೂಗು ಅಡಚಿ ಹೋಗಿತ್ತು. ನೀನು ಅಷ್ಟು ಸಂತೋಷದಾಗ ಇದ್ದಿ, ಹೆಂಗೆ ಹೇಳೋದು? ದಿನಾ ಮೋಂದು ನೋಡಿದೆ. ದಿನಾ ಆಮಾ ಅಂದೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. "ಅದು ಮಗು ವಾಸನೆಂಗೋ" ಎಂದರು. "ಇಪ್ಪೊ ಇರೋದು ಬರೀ ಹೆಲ್ಮೆಟ್ ವಾಸನೆ."

"ಇರ್ಲಿ" ಅಂದರು ಮಾಮ. "ಇದೂ ಇವನದೇ ತಾನೇ?"

ಆಮೇಲೆ ಮಗನ ತಲೆ ಬಿಟ್ಟು, ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು, ಯಾರನ್ನೂ ನೋಡದೆ ಅಂದರು: "ಮತ್ತೆ ಬೆಳೆದು ಮುಚ್ಚಿಕೊಂಡ್ರೂ ಮುಚ್ಚಿಕೊಳ್ಳಬೋದು ಅಂತ ಡಾಕ್ಟ್ರಮ್ಮ ಹೇಳವ್ರೆ. ಇನ್ನೊಂದು ಸಲ ನೋಡ್ಲಾ?"

ಅಷ್ಟೆತ್ತರದ ಹುಡುಗ ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ತಲೆ ಬಾಗಿಸಿದ. ಬಹಳ ಹೊತ್ತು ಹಾಗೇ ಇದ್ದ.